ಗೊತ್ತಿತ್ತು, ಬಾಯಿಗೆ ಬರಲಿಲ್ಲ

ಟಿವಿಯ ಒಂದು ರಸಪ್ರಶ್ನೆ ಕಾರ್ಯಕ್ರಮ. ಬಜರ್ ಒತ್ತಿದ್ದು ನಾನೇ. ಮೂವರಲ್ಲಿ ಮೊದಲು ಒತ್ತಿದ್ದೂ ನಾನೇ. ನನ್ನ ಮುಂದಿದ್ದ ದೀಪ ಹತ್ತಿಕೊಂಡಿತು. ನಿರೂಪಕರು ನನ್ನ ಕಡೆ ತಿರುಗಿ "ಹೇಳಿ" ಅಂದರು.

ಪ್ರಶ್ನೆ ಇಷ್ಟೇ. ಯಾವ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ ಇದೆ?

ನಮ್ಮದು ತಿಪಟೂರು ಸೀಮೆ. ತೆಂಗಿನ ತೋಟದ ಊರು ಅಂತ ಹೊರಗಿನವರಿಗೆ ಗೊತ್ತು. ಆದರೆ ತೋಟದ ಆಚೆಗಿರುವ ಹೊಲಕ್ಕೆ ಮಳೆಯೇ ಗತಿ. ಏಪ್ರಿಲ್ ಕೊನೆಗೆ ಒಂದು ಹದ ಮಳೆ ಬಿದ್ದರೆ ಹೆಸರು, ಎಳ್ಳು, ಅಲಸಂದೆ ಹಾಕ್ತಾರೆ. ಆ ಮಳೆ ಕೈಕೊಟ್ಟರೆ ಆ ಬೆಳೆ ಇಲ್ಲ. ಸಂಜೆ ಹೊತ್ತು ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಮೋಡ ನೋಡ್ತಾ "ಭರಣಿ ಬಂದ್ರೆ ಧರಣಿಯೆಲ್ಲಾ ಬೆಳೆ ಕಣ್ ಮಗಾ" ಅಂತಿದ್ದಳು. ಪ್ರತಿ ವರ್ಷ ಅದೇ ಬಾಗಿಲು, ಅದೇ ಮಾತು. ಹದಿನೆಂಟು ವರ್ಷ ಕೇಳಿದ್ದೇನೆ.

ನನ್ನ ಬಾಯಿಂದ ಬಂದಿದ್ದು "ರೋಹಿಣಿ."

ನಿರೂಪಕರು ಒಂದು ಗಳಿಗೆ ಸುಮ್ಮನಿದ್ದರು. ನನ್ನ ಎಡಕ್ಕಿದ್ದ ನಿವೃತ್ತ ಟೀಚರ್ ಮೆಲ್ಲಗೆ ಬಜರ್ ಒತ್ತಿ "ಭರಣಿ" ಅಂದರು. ಚಪ್ಪಾಳೆ ಬಿತ್ತು. ಮುಂದಿನ ಪ್ರಶ್ನೆಗೆ ಹೋದರು.

"ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ." ಅದೂ ಅಮ್ಮನದೇ ಮಾತು. ಎರಡೂ ಒಂದೇ ಬಾಯಿಂದ, ಒಂದೇ ಬಾಗಿಲಲ್ಲಿ ಕೇಳಿದ್ದು. ಒಂದನ್ನು ಕರೆದರೆ ಪಕ್ಕದಲ್ಲಿದ್ದ ಇನ್ನೊಂದು ಎದ್ದು ಬಂತು.

ಇದಾಗಿ ಕೆಲವು ವರ್ಷಗಳೇ ಕಳೆದಿವೆ. ಅವತ್ತಿನಿಂದ ಟಿವಿಯಲ್ಲಿ ಯಾವ ರಸಪ್ರಶ್ನೆ ಕಾರ್ಯಕ್ರಮ ಬಂದರೂ ನಾನು ಪ್ರಶ್ನೆಗಿಂತ ಸ್ಪರ್ಧಿಗಳ ಮುಖ ನೋಡ್ತೀನಿ. ಪ್ರಶ್ನೆ ಮುಗಿದು ಉತ್ತರ ಬರೋ ತನಕ ಎರಡು ಮೂರು ಸೆಕೆಂಡ್ ಇರುತ್ತಲ್ಲ, ಆಗ ಆ ಮುಖದಲ್ಲಿ ಏನಾಗುತ್ತೆ ಅನ್ನೋದು ನನಗೆ ಈಗ ಚೆನ್ನಾಗಿ ಗೊತ್ತು.

ಆ ದಿನ ಬೆಳಗ್ಗೆ ಒಂಬತ್ತಕ್ಕೇ ಸ್ಟುಡಿಯೋ ಹತ್ತಿರ ಬರಬೇಕು ಅಂದಿದ್ದರು. ಸಣ್ಣ ಗೆರೆ, ಸಣ್ಣ ಚೌಕಳಿ ಇರೋ ಶರ್ಟ್ ಬೇಡ, ಕ್ಯಾಮೆರಾದಲ್ಲಿ ಅದು ಮಿಣಮಿಣ ಅಂತ ಅಲುಗಾಡಿದ ಹಾಗೆ ಕಾಣುತ್ತೆ ಅಂತ ಫೋನಿನಲ್ಲೇ ಹೇಳಿದ್ದರು. ಇಂಥ ಕಾರ್ಯಕ್ರಮಗಳ ಶೂಟಿಂಗ್ ದಿನಕ್ಕೊಂದು ಕಂತು ಅಂತ ನಡೆಯೋದಿಲ್ಲ. ಸೆಟ್ಟು, ದೀಪ, ಕ್ಯಾಮೆರಾ ಎಲ್ಲ ಒಮ್ಮೆ ಸಜ್ಜಾದ ಮೇಲೆ ಒಂದರ ಹಿಂದೊಂದು ಹಲವು ಕಂತು ತೆಗೀತಾರೆ. ಹಾಗಾಗಿ ಕಾಯೋ ಕೋಣೆಯಲ್ಲಿ ಬೇರೆ ಬೇರೆ ಊರಿನವರು ಹದಿನೈದು ಜನ ಇದ್ದೆವು. ಕೆಲವರ ಜೊತೆ ಮನೆಯವರೂ ಬಂದಿದ್ದರು. ಒಬ್ಬರು ಬುತ್ತಿ ಬಿಚ್ಚಿ ಎಲ್ಲರಿಗೂ ಚಿತ್ರಾನ್ನ ಹಂಚಿದರು.

ನನ್ನ ಕಂತಿನಲ್ಲಿ ಇನ್ನಿಬ್ಬರು. ಒಬ್ಬರು ಆ ಟೀಚರ್. ಇನ್ನೊಬ್ಬರು ವಿದ್ಯುತ್ ಲೈನ್‌ಮನ್, ಬಯಲುಸೀಮೆಯವರು. ಅವರ ಕೈಯಲ್ಲಿ ರಟ್ಟು ಹರಿದ ಒಂದು ನೂರು ಪುಟದ ನೋಟ್‌ಬುಕ್ಕು. ಡ್ಯೂಟಿ ಮಧ್ಯೆ ಬಿಡುವಾದಾಗ ಪೇಪರಿನಲ್ಲಿ ಓದಿದ್ದನ್ನೆಲ್ಲ ಬರೆದಿಟ್ಟಿದ್ದರು. ನದಿಗಳ ಉಗಮ, ಕವಿಗಳ ಕಾವ್ಯನಾಮ, ಜ್ಞಾನಪೀಠ ಬಂದ ವರ್ಷಗಳು. ಕುವೆಂಪು 1967. ಬೇಂದ್ರೆ 1973. ಕಾರಂತ 1977. ಮಾಸ್ತಿ 1983. ಅಕ್ಷರ ದಪ್ಪ, ದುಂಡಗೆ. ಹಾಳೆಯ ಅಂಚಿನಲ್ಲಿ ಕರಿ ಬೆರಳಿನ ಗುರುತು.

"ಸಾರ್, ಒಂದ್ಸಲ ಕೇಳಿ" ಅಂತ ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟರು. ನಾನು ಕೇಳುತ್ತಾ ಹೋದೆ. ಒಂದೂ ತಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳ್ತಿದ್ದರು. ಅದೇ ಮನುಷ್ಯ ಒಳಗೆ ಹೋಗಿ ದೀಪದ ಕೆಳಗೆ ಕೂತ ಮೇಲೆ ಮೊದಲ ನಾಲ್ಕು ಪ್ರಶ್ನೆಗೆ ಬಜರ್ ಒತ್ತಲೇ ಇಲ್ಲ. ಅದರಲ್ಲಿ ಎರಡು ಅವರ ನೋಟ್‌ಬುಕ್ಕಿನಲ್ಲೇ ಇದ್ದವು. ನಾನೇ ಅವರಿಗೆ ಕೇಳಿದ್ದೆ. ಪಕ್ಕಕ್ಕೆ ನೋಡಿದರೆ ಅವರ ಹೆಬ್ಬೆರಳು ಗುಂಡಿಯ ಮೇಲೆ ನಡುಗ್ತಾ ಇತ್ತು. ತುಟಿ ಅಲ್ಲಾಡ್ತಿತ್ತು. ಬೆರಳು ಮಾತ್ರ ಕೆಳಗಿಳಿಯಲಿಲ್ಲ.

ಬಜರ್ ಅನ್ನೋದು ಮನೆಯಲ್ಲಿ ಕೂತು ನೋಡೋರಿಗೆ ಕಾಣದ ವಸ್ತು. ಉತ್ತರ ಗೊತ್ತಾದ ಮೇಲೆ ಒತ್ತೋದು ಅಂತ ನಾವು ಅಂದ್ಕೊಂಡಿರ್ತೀವಿ. ಹಾಗಲ್ಲ. ಉತ್ತರ ಪೂರ್ತಿ ಸಿಕ್ಕ ಮೇಲೆ ಒತ್ತಿದರೆ ಅಷ್ಟರಲ್ಲಿ ಪಕ್ಕದವರು ಒತ್ತಿ ಆಗಿರುತ್ತೆ. "ಇದು ನನಗೆ ಗೊತ್ತಿರೋದು" ಅನ್ನೋ ಒಂದು ಭಾವ ಮೊದಲು ಬರುತ್ತೆ, ಉತ್ತರ ಆಮೇಲೆ. ಆ ಭಾವಕ್ಕೇ ಒತ್ತಬೇಕು. ಒತ್ತಿದ ಮೇಲೆ ಒಳಗೆ ಹೋಗಿ ಹುಡುಕಿ ತರಬೇಕು. ಸಾಲ ಮಾಡಿ ಆಮೇಲೆ ದುಡ್ಡು ಹೊಂದಿಸಿದ ಹಾಗೆ. ಲೈನ್‌ಮನ್ ಸಾಲ ಮಾಡೋ ಜಾತಿಯ ಮನುಷ್ಯ ಅಲ್ಲ. ಉತ್ತರ ಕೈಗೆ ಬರೋವರೆಗೂ ಕಾದರು.

ಅಮೆರಿಕದ 'ಜೆಪರ್ಡಿ' ಅನ್ನೋ ಟಿವಿ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಈ ಬಜರ್‌ಗೆ ಇನ್ನೊಂದು ಕಟ್ಟುಪಾಡು ಇದೆ. ನಿರೂಪಕರು ಪ್ರಶ್ನೆ ಓದಿ ಮುಗಿಸೋವರೆಗೂ ಗುಂಡಿ ಕೆಲಸ ಮಾಡಲ್ಲ. ಓದಿದ ಮೇಲೆ ಬೋರ್ಡಿನ ಪಕ್ಕ ಸಣ್ಣ ದೀಪಗಳು ಹತ್ತುತ್ತವೆ. ಅದಕ್ಕಿಂತ ಮುಂಚೆ ಒತ್ತಿದರೆ ಕಾಲು ಸೆಕೆಂಡ್ ನಿಮ್ಮ ಗುಂಡಿ ಸತ್ತ ಹಾಗೆ. ಕಾಲು ಸೆಕೆಂಡ್ ಅಂದರೆ ಏನು ಅನ್ನಿಸಬಹುದು. ಅಷ್ಟರಲ್ಲಿ ಪಕ್ಕದವರು ಒತ್ತಿರ್ತಾರೆ. 2004ರಲ್ಲಿ ಕೆನ್ ಜೆನ್ನಿಂಗ್ಸ್ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲಿ ಸತತ 74 ಆಟ ಗೆದ್ದರು. ಅವರಿಗೆ ವಿಷಯ ಗೊತ್ತಿತ್ತು, ನಿಜ. ಎದುರಿಗಿದ್ದವರಿಗೂ ಬಹಳಷ್ಟು ಗೊತ್ತಿರುತ್ತಿತ್ತು. ಹೆಬ್ಬೆರಳಿಗೆ ಆ ಹದ ಸಿಕ್ಕಿದ್ದು ಅವರಿಗೆ.

2011ರ ಫೆಬ್ರವರಿಯಲ್ಲಿ ಅದೇ ಜೆನ್ನಿಂಗ್ಸ್ ಎದುರು ಐಬಿಎಂನ ವಾಟ್ಸನ್ ಕಂಪ್ಯೂಟರ್ ಕೂತಿತ್ತು. ನನಗೆ ಅದರಲ್ಲಿ ಇಷ್ಟವಾದ ಸಂಗತಿ ಒಂದೇ. ವಾಟ್ಸನ್ ಕೂಡ ತನ್ನ ಉತ್ತರದ ಮೇಲೆ ತನಗೆ ಎಷ್ಟು ಭರವಸೆ ಇದೆ ಅಂತ ಲೆಕ್ಕ ಹಾಕುತ್ತಿತ್ತು. ಆ ಭರವಸೆ ಒಂದು ಮಟ್ಟ ದಾಟಿದರೆ ಮಾತ್ರ ಬಜರ್ ಒತ್ತುತ್ತಿತ್ತು. ಅಂದರೆ ಗೊತ್ತಿರೋದು ಬೇರೆ, ಗೊತ್ತಿದೆ ಅಂತ ಧೈರ್ಯ ಬರೋದು ಬೇರೆ ಅನ್ನೋದನ್ನು ಯಂತ್ರಕ್ಕೂ ಕಲಿಸಬೇಕಾಯಿತು. ಅದು ಪಂದ್ಯ ಗೆದ್ದಿತು. ಆದರೆ ನಡುವೆ ಒಂದು ದಿನದ ಕೊನೆಯ ಪ್ರಶ್ನೆಗೆ, ಅಮೆರಿಕದ ನಗರ ಯಾವುದು ಅಂತ ಕೇಳಿದರೆ ಕೆನಡಾದ ಟೊರಾಂಟೊ ಅಂದಿತ್ತು. ಆ ಕೊನೆಯ ಸುತ್ತಿನಲ್ಲಿ ಬಜರ್ ಇಲ್ಲ, ಎಲ್ಲರೂ ಬರೆಯಲೇಬೇಕು. ಬಾಯಿ ಬಿಡದೆ ಕೂರುವ ಅವಕಾಶ ಅದಕ್ಕೆ ಇರಲಿಲ್ಲ.

ನಮ್ಮ ಮನೆಯಲ್ಲಿ ಬಜರ್ ಇರಲಿಲ್ಲ, ಅಮ್ಮ ಇದ್ದಳು. ದೂರದರ್ಶನ ಚಂದನದಲ್ಲಿ 'ಥಟ್ ಅಂತ ಹೇಳಿ' ಶುರುವಾಗಿದ್ದು 2002ರ ಜನವರಿಯಲ್ಲಿ. ರಾತ್ರಿ ಊಟದ ಹೊತ್ತಿಗೆ ಬರ್ತಿತ್ತು. ಆ ರಸಪ್ರಶ್ನೆ ನಡೆಸಿಕೊಡ್ತಿದ್ದ ಡಾ. ನಾ. ಸೋಮೇಶ್ವರ ಅವರು ವೈದ್ಯರು ಅಂತ ಗೊತ್ತಾದಾಗ ಅಮ್ಮನಿಗೆ ಆದ ಸಂತೋಷ ನೋಡಬೇಕಿತ್ತು. "ಡಾಕ್ಟ್ರಿಗೆ ಇಷ್ಟೆಲ್ಲಾ ಕನ್ನಡ ಗೊತ್ತಿದೆ ನೋಡು" ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದಳು. ಆ ಕಾರ್ಯಕ್ರಮ ಮೂರು ಸಾವಿರ ಕಂತು ದಾಟಿ ನಡೆದಿದೆ. ಅಷ್ಟು ಕಂತಿನಲ್ಲಿ ಎಷ್ಟು ಸಾವಿರ ಜನ ಆ ಕುರ್ಚಿಯಲ್ಲಿ ಕೂತು ತಮ್ಮ ಹೆಸರು, ಊರು ಹೇಳಿದ್ದಾರೋ. ಕನ್ನಡದಲ್ಲಿ ಅಂಥದ್ದು ಇನ್ನೊಂದಿಲ್ಲ ಅಂತ ನಾನು ಮನಸಾರೆ ನಂಬ್ತೀನಿ.

ಅಲ್ಲಿ ಸರಿ ಉತ್ತರಕ್ಕೆ ಸಿಗೋದು ಪುಸ್ತಕ. ದುಡ್ಡಲ್ಲ. ನಮ್ಮ ಮನೆಯಲ್ಲಿ ಇದರ ಬಗ್ಗೆ ಚರ್ಚೆಯೇ ಆಗ್ತಿತ್ತು. ಅಪ್ಪ "ಬಸ್ ಚಾರ್ಜಾದ್ರೂ ಹುಟ್ಟಬೇಡ್ವಾ" ಅಂದರೆ ಅಮ್ಮ "ಸುಮ್ನಿರಿ, ಪುಸ್ತಕ ಇದ್ರೆ ಮನೆಯೋರೆಲ್ಲ ಓದ್ತಾರೆ" ಅಂತಿದ್ದಳು. ಕೊನೆಗೆ ಸ್ಪರ್ಧಿಗಳು ಗೆದ್ದ ಪುಸ್ತಕಗಳನ್ನು ತೆಗೆದುಕೊಳ್ಳೋವಾಗ ಅವಳು ಟಿವಿ ಹತ್ತಿರ ಹೋಗಿ ರಟ್ಟಿನ ಮೇಲಿನ ಹೆಸರು ಓದೋಕೆ ನೋಡ್ತಿದ್ದಳು.

ಅಮ್ಮ ಎಸ್ಸೆಸ್ಸೆಲ್ಸಿ ಓದಿದವಳು. ಅವರೆಕಾಯಿ ಬಿಡಿಸ್ತಾ, ರಾಗಿ ಆರಿಸ್ತಾ, ಟಿವಿಗೆ ಬೆನ್ನು ಮಾಡಿಕೊಂಡೇ ಉತ್ತರ ಹೇಳ್ತಿದ್ದಳು. ವಚನದ ಸಾಲು ಬಂದರೆ ಅಂಕಿತ ಹೇಳ್ತಿದ್ದಳು. ಗಾದೆ ಅರ್ಧ ಬಂದರೆ ಉಳಿದರ್ಧ. ಹಳೇ ಸಿನಿಮಾ ಹಾಡಿನ ಬಗ್ಗೆ ಕೇಳಿದರೆ ಬರೆದವರು ಯಾರು, ಹಾಡಿದವರು ಯಾರು, ಆ ಸಿನಿಮಾ ತಾನು ಯಾವ ಟೆಂಟಿನಲ್ಲಿ ಯಾರ ಜೊತೆ ನೋಡಿದ್ದು ಎಲ್ಲ ಬರ್ತಿತ್ತು. ರಾಜಧಾನಿ, ಕರೆನ್ಸಿ, ಕ್ರಿಕೆಟ್ ಬಂದಾಗ ನನ್ನ ಕಡೆ ನೋಡ್ತಿದ್ದಳು. ಅದು ನನ್ನ ಪಾಲು. ಹೀಗೆ ನಾವಿಬ್ಬರೂ ಸೇರಿ ಒಂದು ಟೀಮು.

ಟಿವಿಯಲ್ಲಿ ಸ್ಪರ್ಧಿ ತಡವರಿಸಿದರೆ ಅಮ್ಮ ಬೈತಿರಲಿಲ್ಲ. "ಪಾಪ, ನಾಲಿಗೆ ತುದೀಲಿದೆ" ಅಂತಿದ್ದಳು. ನಾನು ನಂಬ್ತಿರಲಿಲ್ಲ. ಗೊತ್ತಿದ್ದರೆ ಹೇಳ್ತಾರೆ, ಗೊತ್ತಿಲ್ಲದಿದ್ದರೆ ಇಲ್ಲ, ತುದಿ ಅಂದರೆ ಏನು ಅಂತ ನನ್ನ ವಾದ. ಆಮೇಲೆ ಓದಿದೆ. 1966ರಲ್ಲಿ ಹಾರ್ವರ್ಡ್‌ನ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಅನ್ನೋ ಇಬ್ಬರು ಇದನ್ನೇ ಹಿಡಿದು ಪ್ರಯೋಗ ಮಾಡಿದ್ದರು. ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದು ಅಂತ ವಿದ್ಯಾರ್ಥಿಗಳನ್ನು ಕೇಳಿದರು. ಪದ ಬಾಯಿಗೆ ಬರದೆ ಒದ್ದಾಡುತ್ತಿದ್ದವರಿಗೂ ಅದರ ಮೊದಲ ಅಕ್ಷರ ಯಾವುದು, ಎಷ್ಟು ಉದ್ದದ ಪದ ಅಂತ ಎಷ್ಟೋ ಸಲ ಸರಿಯಾಗಿ ಹೇಳೋಕೆ ಆಗುತ್ತಿತ್ತು. ಅದೇ ದನಿಯ ಬೇರೆ ಪದಗಳೂ ಬಂದು ಅಡ್ಡ ನಿಲ್ಲುತ್ತಿದ್ದವು. ಭರಣಿ, ರೋಹಿಣಿ. ಎರಡೂ ಮೂರಕ್ಷರ. ಎರಡೂ 'ಣಿ'ಗೆ ಮುಗೀತವೆ. ಅದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನ ಆಯಿತು.

ಆಯ್ಕೆ ಕೊಟ್ಟು ಕೇಳೋ ಕಾರ್ಯಕ್ರಮಗಳ ಕಥೆ ಬೇರೆ. 2000ದ ಜುಲೈನಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಬಂತು. ನಮ್ಮಲ್ಲಿ 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟರು. ಎದುರಿಗೆ ಕೂತವರ ಕೈ ನಡುಗ್ತಿದ್ದರೆ ಅಪ್ಪು ಅವರನ್ನು ಮಾತಾಡಿಸಿ, ನಗಿಸಿ, ಹಗುರ ಮಾಡ್ತಿದ್ದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಇನ್ನೂ ನೆನಪಿದೆ. ಅಲ್ಲಿ ಉತ್ತರ ಕಣ್ಣ ಮುಂದೆಯೇ ಇರುತ್ತೆ, ನಾಲ್ಕರಲ್ಲಿ ಒಂದಾಗಿ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ನಾಲ್ಕು ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ಗುರುತು ಹಿಡಿ ಅಂದ ಹಾಗೆ. ನಾಲಿಗೆ ತುದಿಯ ಕಷ್ಟ ಅಲ್ಲಿ ಕಮ್ಮಿ. ಆದರೆ ಇನ್ನೊಂದು ಕಷ್ಟ ಇದೆ. ಸರಿ ಇರೋದನ್ನೇ ಅನುಮಾನದಿಂದ ಬಿಟ್ಟು ಪಕ್ಕದ್ದನ್ನು ಹಿಡಿಯೋದು.

2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಹಿಂದಿಯ ಆ 'ಕರೋಡ್‌ಪತಿ'ಯಲ್ಲಿ ಐದು ಕೋಟಿ ಗೆದ್ದರು. ತಿಂಗಳಿಗೆ ಆರು ಸಾವಿರ ರೂಪಾಯಿ ಸಂಬಳದ ಕಂಪ್ಯೂಟರ್ ಆಪರೇಟರ್ ಕೆಲಸ ಅವರದು. ಕೊನೆಯ ಪ್ರಶ್ನೆ, 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ ಭಾರತದಿಂದ ಕಾಲ್ತೆಗೆದ ದೇಶ ಯಾವುದು ಅಂತ. ಡೆನ್ಮಾರ್ಕ್. ತಮಿಳುನಾಡಿನ ತರಂಗಂಬಾಡಿಗೆ ಹೋದವರು ಸಮುದ್ರದ ದಡದಲ್ಲಿ ಡೇನ್ ಜನ ಕಟ್ಟಿದ ಕೋಟೆ ನೋಡಿರ್ತಾರೆ. ಒಮ್ಮೆ ಅಲ್ಲಿ ಕಾಲಿಟ್ಟಿದ್ದರೆ ಆ ಪ್ರಶ್ನೆಗೆ ಒಂದು ದಾರಿ ಸಿಗುತ್ತೆ. ನನಗೆ ರಸಪ್ರಶ್ನೆಯಲ್ಲಿ ಹಿಡಿಸೋದು ಇದೇ. ಉತ್ತರಕ್ಕೆ ಒಂದು ಊರು ಇರುತ್ತೆ, ಅದು ನಿಮಗೆ ಸಿಕ್ಕ ಒಂದು ಜಾಗ ಇರುತ್ತೆ. ಗೆದ್ದ ಮೇಲಿನ ವರ್ಷಗಳು ಸುಶೀಲ್ ಕುಮಾರ್ ಅವರಿಗೆ ಸುಲಭ ಇರಲಿಲ್ಲ, ಅದನ್ನು ಅವರೇ ಮನಬಿಚ್ಚಿ ಬರೆದುಕೊಂಡಿದ್ದಾರೆ. ಆಮೇಲೆ ಅವರು ಮೇಷ್ಟ್ರಾದರು, ಊರ ತುಂಬ ಸಂಪಿಗೆ ಗಿಡ ನೆಟ್ಟರು.

ಇದೇ ಆಟದ ಅಮೆರಿಕದ ಆವೃತ್ತಿಯಲ್ಲಿ ಮೊದಲ ಬಾರಿಗೆ ಹತ್ತು ಲಕ್ಷ ಡಾಲರ್ ಗೆದ್ದವರು ಜಾನ್ ಕಾರ್ಪೆಂಟರ್, 1999ರ ನವೆಂಬರ್‌ನಲ್ಲಿ. ಕೊನೆಯ ಪ್ರಶ್ನೆಯವರೆಗೂ ಯಾರ ಸಹಾಯವನ್ನೂ ತೆಗೆದುಕೊಂಡಿರಲಿಲ್ಲ. ಆಗ ಫೋನ್ ಮಾಡ್ತೀನಿ ಅಂತ ಅಪ್ಪನಿಗೆ ಮಾಡಿಸಿದರು. ಅಪ್ಪ, ನಿನ್ನ ಸಹಾಯ ಬೇಕಾಗಿಲ್ಲ, ನಾನು ಗೆಲ್ತಾ ಇದ್ದೀನಿ ಅಂತ ಹೇಳೋಕೆ ಮಾಡಿದೆ ಅಂದರು. ಆ ತುಣುಕು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತೆ. ನಮ್ಮ ಕಾರ್ಯಕ್ರಮದಲ್ಲಿ ಫೋನ್ ಮಾಡೋ ಅವಕಾಶ ಇರಲಿಲ್ಲ. ಇದ್ದಿದ್ದರೆ ನಾನೂ ತಿಪಟೂರಿಗೇ ಮಾಡ್ತಿದ್ದೆ.

ಇನ್ನೊಬ್ಬ ಸ್ಪರ್ಧಿಯ ಬಗ್ಗೆ ಹೇಳಲೇಬೇಕು. ನಾನು ತಪ್ಪು ಹೇಳಿ ಬಂದ ಮೇಲೆ ತುಂಬ ದಿನ ಯೋಚನೆ ಮಾಡಿದ್ದು ಅವರ ಬಗ್ಗೆಯೇ. ಹೆಸರು ಹರ್ಬರ್ಟ್ ಸ್ಟೆಂಪಲ್. 1956ರಲ್ಲಿ ನ್ಯೂಯಾರ್ಕ್‌ನ 'ಟ್ವೆಂಟಿ ಒನ್' ಅನ್ನೋ ರಸಪ್ರಶ್ನೆ ಕಾರ್ಯಕ್ರಮದಲ್ಲಿ ವಾರ ವಾರ ಗೆಲ್ಲುತ್ತಿದ್ದವರು. ಗೆಲ್ಲುತ್ತಿದ್ದದ್ದು ನಿಜವಲ್ಲ. ಕಾರ್ಯಕ್ರಮದವರೇ ಅವರಿಗೆ ಉತ್ತರಗಳನ್ನು ಮುಂಚೆಯೇ ಹೇಳಿಕೊಡ್ತಿದ್ದರು. ಉತ್ತರ ಮಾತ್ರ ಅಲ್ಲ, ಎಲ್ಲಿ ತಡವರಿಸಬೇಕು, ಯಾವಾಗ ಹಣೆಯ ಬೆವರು ಒತ್ತಿಕೊಳ್ಳಬೇಕು ಅಂತಲೂ ಹೇಳಿಕೊಡ್ತಿದ್ದರು. ಸ್ಪರ್ಧಿ ನಿಲ್ಲೋ ಗಾಜಿನ ಗೂಡು ಸೆಕೆಯಾಗೋ ಹಾಗೆ ನೋಡಿಕೊಳ್ತಿದ್ದರು. ಬೆವರು ನಿಜವಾಗಿಯೇ ಬರಲಿ ಅಂತ.

ಕೆಲವು ವಾರ ಕಳೆದ ಮೇಲೆ ಕಾರ್ಯಕ್ರಮದವರಿಗೆ ಹೊಸ ಮುಖ ಬೇಕಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದ, ನೋಡೋಕೆ ಚೆಂದವಿದ್ದ ಚಾರ್ಲ್ಸ್ ವ್ಯಾನ್ ಡೋರೆನ್ ಸಿಕ್ಕರು. ಇನ್ನು ನೀನು ಸೋಲಬೇಕು ಅಂತ ಸ್ಟೆಂಪಲ್‌ಗೆ ಹೇಳಿದರು. 1955ನೇ ಸಾಲಿನ ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಬಂದಿದ್ದು ಯಾವುದಕ್ಕೆ ಅನ್ನೋ ಪ್ರಶ್ನೆಗೆ ತಪ್ಪು ಉತ್ತರ ಹೇಳಬೇಕು. ಸರಿ ಉತ್ತರ 'ಮಾರ್ಟಿ'. ಅದು ಸ್ಟೆಂಪಲ್‌ಗೆ ಬಹಳ ಇಷ್ಟವಾದ ಸಿನಿಮಾ. ಇದೊಂದನ್ನು ಬಿಟ್ಟು ಬೇರೆ ಯಾವ ಪ್ರಶ್ನೆಗಾದರೂ ಸೋಲ್ತೀನಿ ಅಂತ ಕೇಳಿಕೊಂಡರಂತೆ. ಒಪ್ಪಲಿಲ್ಲ. 1956ರ ಡಿಸೆಂಬರ್ 5ರ ರಾತ್ರಿ, ದೇಶ ನೋಡ್ತಿದ್ದಾಗ ಅವರು 'ಆನ್ ದ ವಾಟರ್‌ಫ್ರಂಟ್' ಅಂದರು.

ಮುಂದಿನದು ಬೇಗ ಹೇಳಿಬಿಡ್ತೀನಿ. ವ್ಯಾನ್ ಡೋರೆನ್ ಮನೆಮಾತಾದರು. ಅವರಿಗೂ ಉತ್ತರ ಹೇಳಿಕೊಡ್ತಿದ್ದರು. ಕೊನೆಗೆ ಎಲ್ಲ ಹೊರಬಿತ್ತು. 1959ರ ನವೆಂಬರ್‌ನಲ್ಲಿ ಅವರು ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ತಪ್ಪು ಒಪ್ಪಿಕೊಂಡರು. 1960ರಲ್ಲಿ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಹೀಗೆ ಮೋಸ ಮಾಡೋದು ಅಪರಾಧ ಅಂತ ಕಾನೂನೇ ಆಯಿತು.

ನನಗೆ ಕಾಡೋದು ಆ ಗಾಜಿನ ಗೂಡು. ನಾನು ಹೇಳೋಕೆ ಬಂದು ಹೇಳಲಾಗದೆ ನಿಂತೆ. ಅವರು ಉತ್ತರ ಬಾಯಲ್ಲೇ ಇದ್ದು, ಅದನ್ನು ನುಂಗಿ ಬೇರೆ ಹೆಸರು ಹೇಳಿದರು. ಅದಕ್ಕೆ ಎಷ್ಟು ಬಲ ಬೇಕು, ಎಷ್ಟು ಸಂಕಟ ಆಗಿರಬೇಕು ಅಲ್ವಾ? ಇನ್ನೊಂದು ವಿಷಯವೂ ಇದೆ. ಆ ಮೋಸಗಾರರು ಉತ್ತರದ ಜೊತೆ ತಡವರಿಕೆಯನ್ನೂ ಹೇಳಿಕೊಟ್ಟರು. ಜನ ನೋಡೋದು ಅದನ್ನೇ ಅಂತ ಅವರಿಗೆ ಗೊತ್ತಿತ್ತು. ಎದುರಿನ ಮನುಷ್ಯ ಒಳಗೆ ಹುಡುಕ್ತಾ ಇದ್ದಾನೆ ಅನ್ನೋದನ್ನು ನೋಡೋಕೆ ನಾವು ಟಿವಿ ಮುಂದೆ ಕೂರ್ತೀವಿ. ಹುಡುಕಾಟ ನಿಜವಾಗಿರಬೇಕು. ಆ ಲೈನ್‌ಮನ್‌ರ ನಡುಗೋ ಹೆಬ್ಬೆರಳನ್ನು ಯಾರೂ ಹೇಳಿಕೊಟ್ಟು ಮಾಡಿಸೋಕೆ ಆಗಲ್ಲ.

ಅಂದ ಹಾಗೆ ಆ ಲೈನ್‌ಮನ್ ಐದನೇ ಪ್ರಶ್ನೆಗೆ ಒತ್ತಿದರು. ಮಾಸ್ತಿಯವರಿಗೆ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಯಾವುದು ಅಂತ. "ಚಿಕವೀರ ರಾಜೇಂದ್ರ" ಅಂದರು. ದನಿ ಎಷ್ಟು ಜೋರಾಗಿತ್ತು ಅಂದರೆ ಮೈಕ್ ನೋಡಿಕೊಳ್ಳೋ ಹುಡುಗ ಒಮ್ಮೆ ಹೆಡ್‌ಫೋನ್ ಎತ್ತಿ ಹಿಡಿದ. ಆಮೇಲೆ ಅವರು ಹಿಂತಿರುಗಿ ನೋಡಲಿಲ್ಲ. ಕೊನೆಗೆ ಟೀಚರ್ ಗೆದ್ದರು, ಇವರು ಎರಡನೆಯವರು, ನಾನು ಮೂರನೆಯವನು. ಹೊರಗೆ ಬಂದು ಮೂವರೂ ಟೀ ಕುಡಿದೆವು. ಮುಖದ ಪೌಡರ್ ಒರೆಸಿಕೊಳ್ಳೋಕೂ ಪುರುಸೊತ್ತಿಲ್ಲದ ಹಾಗೆ ಮಾತಾಡಿದೆವು. ಟೀಚರ್ ನನ್ನ ಬೆನ್ನು ತಟ್ಟಿ "ನೋಡಪ್ಪಾ, ನಾನು ಭರಣಿ ಅಂತ ಹೇಳೋಕೆ ಆಗಿದ್ದೇ ನೀನು ರೋಹಿಣಿ ಅಂದಿದ್ದಕ್ಕೆ. ಅದನ್ನು ಕೇಳಿದ ಮೇಲೆ ನನಗೆ ಇದು ನೆನಪಾಯ್ತು" ಅಂದರು. ಸಮಾಧಾನಕ್ಕೆ ಹೇಳಿದ್ದಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗ್ತಿತ್ತು.

ನಮ್ಮ ಕಂತು ಪ್ರಸಾರ ಆಗಿದ್ದು ಐದಾರು ವಾರ ಬಿಟ್ಟು. ಏನಾಯ್ತು ಅಂತ ಮನೆಯಲ್ಲಿ ಹೇಳಿರಲಿಲ್ಲ. ಅಮ್ಮ ಬೀದಿಯವರನ್ನೆಲ್ಲ ಕರೆದು ಚಾಪೆ ಹಾಸಿದ್ದಳಂತೆ. ಕಾರ್ಯಕ್ರಮ ಮುಗಿದು ಹತ್ತು ನಿಮಿಷಕ್ಕೆ ಫೋನ್ ಬಂತು. ನಾನು ಬೆಂಗಳೂರಿನ ರೂಮಿನಲ್ಲಿ ಫೋನನ್ನೇ ನೋಡ್ತಾ ಕೂತಿದ್ದೆ.

"ಶರ್ಟು ಚೆನ್ನಾಗಿ ಒಪ್ತು ಕಣ್ ಮಗಾ" ಅಂದಳು.

"ಅಮ್ಮ, ಭರಣಿ..." ಅಂದೆ.

"ಹೂಂ, ಗೊತ್ತು ಬಿಡು. ರೋಹಿಣಿಗೆ ಓಣಿ, ಭರಣಿಗೆ ಧರಣಿ. ಎಲ್ಲಾ ಮಳೆನೂ ಸಾಲಾಗಿ ಹೇಳ್ಕೊಂಡ್ರೆ ತಪ್ಪಲ್ಲ. ಒಂದನ್ನೇ ಕಿತ್ರೆ ಕಲಸಿ ಹೋಗುತ್ತೆ. ಬರ್ಕೋ."

ಒಂದು ಹಳೇ ಡೈರಿ ಎಳೆದುಕೊಂಡೆ. ಅವಳು ಶುರು ಮಾಡಿದಳು. ಅಶ್ವಿನಿ. ಭರಣಿ. ಕೃತ್ತಿಕೆ. ರೋಹಿಣಿ. ಮೃಗಶಿರ. ಆರಿದ್ರೆ, "ಆರಿದ್ರೆ ಬಂದ್ರೆ ಆರದೇ ಹುಯ್ಯುತ್ತೆ." ಪುನರ್ವಸು. ಪುಷ್ಯ. ಒಂದೊಂದಕ್ಕೂ ಯಾವ ಹೊಲ, ಯಾವ ಬಿತ್ತನೆ, ಯಾವ ವರ್ಷ ಯಾವುದು ಬರಲಿಲ್ಲ ಅಂತ ಹೇಳ್ತಾ ಹೋದಳು. ಹಿಂದಿನಿಂದ ಬೀದಿಯವರ ಮಾತು, ಪಾತ್ರೆ ಸದ್ದು ಕೇಳ್ತಿತ್ತು.

"ಪುಷ್ಯ ಆಯ್ತು. ಆಮೇಲೆ..."

ಸುಮ್ಮನಾದಳು.

"ಇರು. ಇರು, ಹೇಳ್ಬೇಡ. ನಾಲಿಗೆ ತುದೀಲಿದೆ."

ನನಗೆ ಗೊತ್ತಿತ್ತು. ಹೇಳಲಿಲ್ಲ. ಪೆನ್ನು ಹಾಳೆಯ ಮೇಲಿಟ್ಟು ಕಾದೆ. ಅವಳ ಉಸಿರು ಕೇಳಿಸ್ತಾ ಇತ್ತು. ಯಾರೋ ಹಿಂದಿನಿಂದ ಹೇಳೋಕೆ ಬಂದರು ಅಂತ ಕಾಣುತ್ತೆ, ಅವರನ್ನೂ "ಶ್" ಅಂತ ಸುಮ್ಮನಿರಿಸಿದಳು.

"ಅಸಲೆ!" ಅಂದಳು. "ಅಸಲೆ ಮಳೆ. ಬರ್ಕೊಂಡ್ಯಾ? ಆಮೇಲೆ ಮಗೆ."